ಬಾಯಿ ಮುಚ್ಚದ ಹೆಬ್ಬಾತು

ಜುಲೈ ೨, ಮಂಗಳವಾರ

ರಾದೆನ್ ಹೋಗಿ ತಿಂಗಳ ಮೇಲಾಯಿತು. ಬೆಳಗ್ಗೆ ಎದ್ದವನೇ ಅಭ್ಯಾಸಬಲದಿಂದ ರಬ್ಬರ್ ಬೂಟು ಮೆಟ್ಟಿಕೊಂಡು ಹಿತ್ತಿಲ ಬಾಗಿಲು ತೆಗೆದೆ. ಕಾಲಿಗೆ ಬಾಯಿ ಹಾಕುವವರು ಯಾರೂ ಇರಲಿಲ್ಲ. ಬೂಟು ಬಿಚ್ಚಿಟ್ಟು ಬಂದು ಮತ್ತೆ ಮಲಗಿದೆ.

ಹೆಂಡತಿ ಸಮಿಯೆಮ್ ಒಲೆಯ ಮುಂದಿನಿಂದಲೇ ಕೂಗಿದಳು. “ಪಾಕ್ನೆ, ಒಂದು ಹೆಬ್ಬಾತಿಗೋಸ್ಕರ ಯಾರಾದ್ರೂ ಹೀಗೆ ಹಾಸಿಗೆ ಹಿಡೀತಾರಾ? ನಮ್ಮಪ್ಪ ಹೋದಾಗ ಮೂರನೇ ದಿನಕ್ಕೇ ನಾಟಕಕ್ಕೆ ಹೊರಟಿದ್ರಿ.”

“ನಿಮ್ಮಪ್ಪ ನನ್ನ ಜೊತೆ ರಂಗದ ಮೇಲೆ ಬರ್ತಿರಲಿಲ್ಲವಲ್ಲ, ಬೂನೆ,” ಎಂದೆ.

ಅವಳಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಇಪ್ಪತ್ತು ವರ್ಷದ ಹತ್ತಿರ ನಮ್ಮ ಕೆತೊಪ್ರಾಕ್ ನಾಟಕ ಮಂಡಳಿಗೆ ಜನ ಬರುತ್ತಿದ್ದುದು ರಾಜನನ್ನು ನೋಡಲೂ ಅಲ್ಲ, ರಾಣಿಯನ್ನು ನೋಡಲೂ ಅಲ್ಲ. ಹಾಸ್ಯಗಾರ ಕಾರ್ಸಿದಿಯನ್ನು, ಎಂದರೆ ನನ್ನನ್ನೂ ನನ್ನ ಹೆಬ್ಬಾತನ್ನೂ ನೋಡಲು. ಗಮೆಲಾನ್ ವಾದ್ಯ ಮೊಳಗುತ್ತಿತ್ತು. ಮಹಾರಾಜರು ಚಿತ್ತೈಸುತ್ತಿದ್ದಾರೆ ಎಂದು ದ್ವಾರಪಾಲಕ ಸಾರುತ್ತಿದ್ದ. ಪರದೆಯ ಸಂದಿಯಿಂದ ರಾದೆನ್ ಕತ್ತೆತ್ತಿಕೊಂಡು ಬರುತ್ತಿದ್ದ, ನಾನು ಅವನ ಪಾದಕ್ಕೆ ಅಡ್ಡಬೀಳುತ್ತಿದ್ದೆ. ಹಿಂದಿನಿಂದ ಬಂದ ನಿಜವಾದ ರಾಜ ಕೆಂಡವಾದರೆ, ರಾದೆನ್ ನೆಟ್ಟಗೆ ಹೋಗಿ ರಾಜನ ಕುಂಡೆ ಹಿಡಿಯುತ್ತಿದ್ದ. ಅದು ನಾನು ಕಲಿಸಿದ್ದಲ್ಲ. ರಾಜಕುಮಾರರನ್ನು ಕರೆಯುವ ಹೆಸರಿನಿಂದ ಒಂದು ಹಕ್ಕಿಯನ್ನು ಕರೆದರೆ ಆ ಗತ್ತು ಅದಕ್ಕೆ ತಾನಾಗಿ ಬರುತ್ತದೆ.

ಮಧ್ಯಾಹ್ನ ಮಂಡಳಿಯ ಯಜಮಾನಿ ವಿನಾರ್ಸಿ ಬಂದಳು. ರಂಗದ ಮೇಲೆ ರಾಣಿ. ಇಳಿದ ಮೇಲೂ ರಾಣಿಯೇ, ನನ್ನನ್ನು ಮಾತ್ರ ಅಣ್ಣ ಎನ್ನುವಂತೆ ಕಾಂಗ್ ಎನ್ನುತ್ತಾಳೆ.

“ಕಾಂಗ್, ಆಗಸ್ಟ್ ಹದಿನೇಳಕ್ಕೆ ಸ್ವಾತಂತ್ರ್ಯದ ಹಬ್ಬ, ಮೈದಾನದಲ್ಲಿ ನಾಟಕ. ಹಾಸ್ಯ ಇಲ್ಲ ಅಂದ್ರೆ ನಾಟಕಾನೇ ಬೇಡ, ದಂಗ್ದುತ್ ಹಾಡೋರನ್ನ ಕರೆಸ್ತೀವಿ ಅಂತಿದಾರೆ ಕಮಿಟಿಯೋರು. ಈ ಸಲ ಜಾಗ ಬಿಟ್ಟುಕೊಟ್ರೆ ಮುಗೀತು. ಮಂಡಳಿ ಬಾಗಿಲು ಹಾಕ್ಕೊಂಡು ನಾನು ಸಾಲಾಕ್ ಹಣ್ಣು ಮಾರೋಕೆ ಕೂತ್ಕೋಬೇಕು.”

“ಬೇರೆ ಯಾರನ್ನಾದ್ರೂ ನೋಡ್ಕೊಳಮ್ಮ. ನನ್ನ ಅರ್ಧ ಹೋಗಿದೆ.”

“ಮಾತಾಡೋ ಅರ್ಧ ಇಲ್ಲೇ ಇದೆಯಲ್ಲ!”

ನಾನು ಎದ್ದು ಒಳಗೆ ಹೋದೆ. ಗೋಡೆಯ ಕಡೆ ತಿರುಗಿ ಮಲಗಿದರೂ ಸಮಿಯೆಮ್ ಅವಳಿಗೆ ಚಹಾ ಕೊಟ್ಟು ಕ್ಷಮೆ ಕೇಳುತ್ತಿದ್ದುದು ಕೇಳಿಸಿತು.

ಜುಲೈ ೫, ಶುಕ್ರವಾರ

ಒಂದು ಯೋಚನೆ ಹೊಳೆಯಿತು. ಮುಂತಿಲಾನ್ ದೊಡ್ಡ ರಸ್ತೆಯ ಬದಿಗೆ ಬುದ್ಧರು ಸಾಲಾಗಿ ಕೂತಿದ್ದಾರೆ, ಸಿಂಹಗಳು ನಿಂತಿವೆ, ಆನೆಗಳು ಗಿರಾಕಿಗೆ ಕಾಯುತ್ತಿವೆ. ಮೆರಾಪಿ ಬೆಟ್ಟ ಉಗುಳಿದ ಕಲ್ಲಿನಲ್ಲಿ ಇವರಿಗೆಲ್ಲ ಜಾಗ ಇರುವಾಗ ನಮ್ಮ ರಾದೆನ್‌ಗೆ ಯಾಕಿಲ್ಲ? ಅವನನ್ನು ಮಣ್ಣು ಮಾಡಿದ ಸೀಬೆ ಮರದ ಕೆಳಗೆ ತಂದು ನಿಲ್ಲಿಸಬೇಕು. ಅಷ್ಟಾದರೆ ನನಗೆ ಇನ್ನೇನೂ ಬೇಡ.

ಶಿಲ್ಪಿ ತುಕಿಜಾನ್ ಅಂಗಳಕ್ಕೆ ಹೋದೆ. ಒಳ್ಳೆಯ ಕೈ. ಆದರೆ ಮನುಷ್ಯ ನಕ್ಕಿದ್ದನ್ನು ಕಂಡವರಿಲ್ಲ. ತನ್ನ ಮದುವೆಯ ಫೋಟೋದಲ್ಲೂ ಸಾಕ್ಷಿ ಹೇಳಲು ಬಂದವನಂತೆ ನಿಂತಿದ್ದಾನೆ.

“ಏನು ಬೇಕಿತ್ತು, ಪಾಕ್?”

“ಹೆಬ್ಬಾತು.”

ಕಲ್ಲು ಕೊಯ್ಯುವ ಯಂತ್ರದ ಸದ್ದಿನಲ್ಲಿ ಅವನಿಗೆ ಸರಿಯಾಗಿ ಕೇಳಿಸಲಿಲ್ಲ. “ಗರುಡಾನಾ?”

“ಹೆಬ್ಬಾತು, ಮಾಸ್, ಹೆಬ್ಬಾತು! ಮನೆ ಮುಂದೆ ನಿಂತು ಬಂದೋರಿಗೆಲ್ಲ ಬೈಯುತ್ತಲ್ಲ, ಅದು.”

ಅವನು ಯಂತ್ರ ನಿಲ್ಲಿಸಿ ನನ್ನನ್ನು ನೋಡಿದ. “ಗರುಡ ಮಾಡಿದೀನಿ. ಗಣೇಶನ್ನ ಮಾಡಿದೀನಿ. ಹೆಬ್ಬಾತು ಕೇಳಿದೋರು ನೀವೇ ಮೊದಲು. ಫೋಟೋ ಕೊಡಿ.”

ಇರುವುದು ಒಂದೇ ಫೋಟೋ. ಕ್ಯಾಮೆರಾ ಹಿಡಿದವರನ್ನೆಲ್ಲ ರಾದೆನ್ ಅಟ್ಟಿಸಿಕೊಂಡು ಹೋಗುತ್ತಿದ್ದುದರಿಂದ ಮಿಕ್ಕವುಗಳಲ್ಲಿ ಆಕಾಶ, ನೆಲ, ಓಡುವವರ ಚಪ್ಪಲಿ ಇಷ್ಟೇ ಬಂದಿವೆ. ತುಕಿಜಾನ್ ಫೋಟೋವನ್ನು ಬಿಸಿಲಿಗೆ ಹಿಡಿದ.

“ಇದರಲ್ಲಿ ಇರೋದು ಯಾರದೋ ಹಿಂಭಾಗ.”

“ಅದು ರಾಜನ ಹಿಂಭಾಗ. ರಾದೆನ್ ಮುಖ ಅದರ ಒಳಗಿದೆ, ಸರಿಯಾಗಿ ನೋಡಿ.”

ದುಡ್ಡಿನ ಮಾತು ಒಂದು ಬೀಡಿ ಸೇದುವಷ್ಟರಲ್ಲಿ ಮುಗಿಯಿತು. ಮುಖದ ಮಾತು ಮುಗಿಯಲಿಲ್ಲ. ಮೊದಲು ಜೇಡಿಮಣ್ಣಿನಲ್ಲಿ ಮಾಡಿ ತೋರಿಸುತ್ತಾನಂತೆ.

ಸಮಿಯೆಮ್‌ಗೆ ಹೇಳಿದೆ. “ಎಲ್ಲರ ಮನೇಲೂ ಕಲ್ಲಿನ ಬುದ್ಧ ಇರ್ತಾನೆ, ನಮ್ಮನೇಲಿ ಕಲ್ಲಿನ ಹೆಬ್ಬಾತು!” ಎಂದಳು. ಬೇಡ ಎನ್ನಲಿಲ್ಲ.

ಜುಲೈ ೯, ಮಂಗಳವಾರ

ಮಣ್ಣಿನ ಮಾದರಿ ನೋಡಿ ಬಂದೆ. ಹೊಟ್ಟೆ ಉರಿಯಿತು.

“ಇದು ಹಂಸ,” ಎಂದೆ. “ಮದುವೆ ಕಾಗದದ ಮೇಲಿನ ಹಂಸ.”

“ಕತ್ತು ಹೀಗೆ ಬಾಗಿದ್ರೆ ಚೆಂದ.”

“ರಾದೆನ್ ಯಾರ ಮುಂದೆ ಕತ್ತು ಬಾಗಿಸಿದ್ದ? ಅವನು ಬರೋದು ಹೀಗೆ.” ಹೇಳಿದರೆ ತಿಳಿಯುವಂತಿರಲಿಲ್ಲ. ಸಾರೊಂಗ್ ಮೇಲಕ್ಕೆ ಕಟ್ಟಿ ನಡೆದು ತೋರಿಸಿದೆ. ಎದೆ ಮುಂದೆ, ಹಿಂಭಾಗ ಹಿಂದೆ, ಭೂಮಿ ಅವನ ಅಪ್ಪನದು ಎನ್ನುವ ಹಾಗೆ ಒಂದೊಂದೇ ಹೆಜ್ಜೆ. ಕಲ್ಲು ಕೆತ್ತುತ್ತಿದ್ದ ಆಳುಗಳು ಸುತ್ತಿಗೆ ಕೆಳಗಿಟ್ಟರು. ತುಕಿಜಾನ್ ಮುಖದಲ್ಲಿ ಏನೂ ಇಲ್ಲ.

“ಇನ್ನೊಂದ್ಸಲ ನಡೀರಿ, ಪಾಕ್. ಈ ಕಡೆಯಿಂದ.”

ನಡೆದೆ. ಮಣ್ಣನ್ನು ಮುದ್ದೆ ಮಾಡಿ ಮತ್ತೆ ಕೈ ಹಚ್ಚಿದ.

ಈಗ ಸೊಂಟ ಹಿಡಿದಿದೆ. ಸಮಿಯೆಮ್ ಎಣ್ಣೆ ತಿಕ್ಕುತ್ತಾ ಎಲ್ಲಿ ಬಿದ್ದಿರಿ ಎಂದು ಕೇಳಿದಳು. ಬಿದ್ದಿಲ್ಲ, ನಡೆದೆ ಎಂದೆ.

ಜುಲೈ ೧೦, ಬುಧವಾರ

ಮತ್ತೆ ಕರೆಸಿದ್ದ. ಮತ್ತೆ ನಡೆಸಿದ. ಇದೇನು ಕಲ್ಲಿನ ಕೆಲಸವೋ ಸರ್ಕಸ್ಸೋ?

ಜುಲೈ ೧೬, ಮಂಗಳವಾರ

ಕಣ್ಣಿನ ವಿಷಯದಲ್ಲಿ ತಕರಾರು. ರಾದೆನ್ ನನ್ನನ್ನು ಪ್ರೀತಿಯಿಂದ ನೋಡುತ್ತಿದ್ದ ಎಂದೆ. ಅಂಗಳಕ್ಕೆ ಸೋಯಾ ಕಾಳಿನ ತೆಂಪೆ ಮಾರಲು ಬಂದಿದ್ದ ನಮ್ಮ ಓಣಿಯ ಪೊನಿರಾ ಬುಟ್ಟಿಯನ್ನು ದಡಕ್ಕನೆ ಇಳಿಸಿದಳು.

“ಪ್ರೀತಿ! ಈ ಮೀನಖಂಡ ನೋಡಿ.” ಗಾಯದ ಗುರುತು ತೋರಿಸಿದಳು. “ಕಚ್ಚೋಕೆ ಮುಂಚೆ ಒಂದ್ಸಲ ನನ್ನ ಅಡಿಯಿಂದ ಮುಡಿವರೆಗೂ ನೋಡೋನು, ನಮ್ಮತ್ತೆ ನೋಡೋ ಹಾಗೆ. ಇವಳನ್ನ ಕಚ್ಚೋದು ನನ್ನ ಅಂತಸ್ತಿಗೆ ತಕ್ಕದ್ದಲ್ಲ, ಆದ್ರೂ ಕಚ್ತೀನಿ ಅನ್ನೋ ಥರ.”

ತುಕಿಜಾನ್ ಗಂಭೀರವಾಗಿ ಕೇಳಿದ, “ನಿಮ್ಮತ್ತೆ ಎಲ್ಲಿದಾರೆ? ಒಂದ್ಸಲ ಕರ್ಕೊಂಡು ಬರ್ತೀರಾ?”

ತಮಾಷೆಗೆ ಕೇಳಿದ್ದಲ್ಲ. ಅಳತೆಗೆ ಕೇಳಿದ್ದು.

ಸಂಜೆಯ ಹೊತ್ತಿಗೆ ಸುದ್ದಿ ಹರಡಿ ಕಚ್ಚಿಸಿಕೊಂಡವರು ಒಬ್ಬೊಬ್ಬರೇ ಬಂದರು. ಅಂಚೆಯವನು ಬಂದ. ಮಸೀದಿಗೆ ನೀರು ಬಿಡುವವನು ಬಂದ. ನಮ್ಮ ವಾರ್ಡಿನ ಮುಖ್ಯಸ್ಥರು ಬಂದು, ತಮ್ಮನ್ನು ಕಚ್ಚಿದ್ದು ಚುನಾವಣೆಗೆ ಮುಂಚೆಯೋ ಆಮೇಲೋ ಎಂದು ವಾದಕ್ಕೆ ನಿಂತರು. ಎಲ್ಲರಿಗೂ ಅವನ ಕೊಕ್ಕಿನ ನೆನಪು ಚೆನ್ನಾಗಿದೆ, ಬಾಲದ ನೆನಪು ಯಾರಿಗೂ ಇಲ್ಲ. ಅವನು ಬೆನ್ನು ತೋರಿಸಿದ್ದರೆ ತಾನೇ! ಎಲ್ಲರೂ ತಪ್ಪು ತಪ್ಪಾಗಿ ಹೇಳುತ್ತಿದ್ದರು. ನಾನು ಒಂದೊಂದನ್ನೂ ಮಾಡಿ ತೋರಿಸಿ ತಿದ್ದಬೇಕಾಯಿತು. ಅಂಚೆಯವನನ್ನು ಕಚ್ಚಿದ ರೀತಿಯೇ ಬೇರೆ, ವಾರ್ಡ್ ಮುಖ್ಯಸ್ಥರನ್ನು ಕಚ್ಚಿದ ರೀತಿಯೇ ಬೇರೆ: ಮುಖ್ಯಸ್ಥರಿಗೆ ಮೊದಲು ಒಂದು ಸಲಾಮು ಹಾಕಿ ಆಮೇಲೆ ಕಚ್ಚಿದ್ದ. ಹಸಿವಾಗಿ ಮನೆಗೆ ಬಂದು ಎರಡು ತಟ್ಟೆ ಅನ್ನ ತಿಂದೆ.

ಜುಲೈ ೨೧, ಭಾನುವಾರ

ಈ ಜನಕ್ಕೆ ಮಾಡಲು ಬೇರೆ ಕೆಲಸವಿಲ್ಲವೇ? ತುಕಿಜಾನ್ ಅಂಗಳದಲ್ಲಿ ಬುದ್ಧನ ತೊಡೆಯ ಮೇಲೆ, ಸಿಂಹದ ಬೆನ್ನ ಮೇಲೆ, ಎಲ್ಲೆಂದರಲ್ಲಿ ಕೂತಿದ್ದಾರೆ. ಪೊನಿರಾ ತೆಂಪೆಯನ್ನು ಅಲ್ಲೇ ಕರಿದು ಕೊಡುತ್ತಿದ್ದಾಳೆ, ಅವಳ ತಂಗಿ ಶುಂಠಿ ಕಷಾಯದ ಪಾತ್ರೆ ತಂದಿದ್ದಾಳೆ. ನಾನು ಹೋಗುತ್ತಲೇ “ಬಂದ್ರು, ಬಂದ್ರು” ಎಂದು ಜಾಗ ಬಿಟ್ಟರು. ತಡವಾಗಿ ಬಂದವರು ಮೊದಲಿನಿಂದ ತೋರಿಸಿ ಎಂದು ಹಟ ಹಿಡಿದರು. ಕೆಲಸ ಮಾಡುವವನಿಗೆ ಎಂಥ ಅಡ್ಡಿ!

ಆದರೂ ಕಲ್ಲಿಗೆ ಬೇಕು ಎಂದು ತುಕಿಜಾನ್ ಹೇಳುವಾಗ ಇಲ್ಲ ಎನ್ನಲಾಗುವುದಿಲ್ಲ. ಇವತ್ತು ಮತ್ತೆ ಕತ್ತು ತೋರಿಸಿ ಎಂದ. ರಾದೆನ್ ಮೊದಲ ಸಲ ಮಳೆಯಲ್ಲಿ ಆಡುಗಳ ಕೊಟ್ಟಿಗೆಗೆ ಹೋಗಿ, ಒಂದೊಂದು ಆಡನ್ನೂ ಎಬ್ಬಿಸಿ, ಕೊನೆಗೆ ಕೊಟ್ಟಿಗೆ ಯಜಮಾನನನ್ನೇ ಮಳೆಗೆ ಅಟ್ಟಿದ್ದನ್ನು ಮಾಡಿದೆ. ಅದರಲ್ಲಿ ಕತ್ತಿನ ಕೆಲಸ ಜಾಸ್ತಿ ಇದೆ. ಆಡುಗಳನ್ನೂ ನಾನೇ ಮಾಡಿದೆ. ಯಜಮಾನನ ಹೆಂಡತಿಯ ಮಾತನ್ನೂ ಸೇರಿಸಿದೆ. ಅವತ್ತು ಅವಳು ಮನೆಯಲ್ಲಿರಲಿಲ್ಲ ನಿಜ, ಆದರೆ ಇದ್ದಿದ್ದರೆ ಅದನ್ನೇ ಹೇಳುತ್ತಿದ್ದಳು.

ವಿಚಿತ್ರ ಎಂದರೆ, ಬರುವಾಗ ಕಲ್ಲಿನ ಹತ್ತಿರ ಹೋಗಿ ನೋಡಿದೆ: ಕತ್ತು ಆಗಲೇ ಪೂರ್ತಿ ಆಗಿದೆ. ಉಜ್ಜಿ ನುಣುಪು ಕೂಡ ಮಾಡಿದ್ದಾನೆ. ಮರೆತಿರಬೇಕು, ಪಾಪ. ವಯಸ್ಸಾಗುತ್ತಿದೆ.

ನಾಳೆ ಕಾಲು ಬೇಕಂತೆ. ಕಾಲಿಗೆ ಯಾವುದನ್ನು ಮಾಡಲಿ ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಜುಲೈ ೨೮, ಭಾನುವಾರ

ಎದೆ ಒಡೆದುಹೋಗುವಂಥದ್ದು ನಡೆಯಿತು. ಕ್ರಮವಾಗಿ ಬರೆಯುತ್ತೇನೆ.

ಕೊಕ್ಕಿನ ಕೊನೆಯ ಕೆಲಸ. ಸಣ್ಣ ಉಳಿ. ತುಕಿಜಾನ್ ಉಸಿರು ಬಿಗಿಹಿಡಿದು ಮೆಲ್ಲಗೆ ಬಡಿಯುತ್ತಿದ್ದ. ಅಂಗಳ ತುಂಬ ಜನ. ಬಣ್ಣ ಹಚ್ಚುವ ಕೋಣೆಯಲ್ಲಿ ರಾದೆನ್ ಮೊದಲ ಸಲ ಕನ್ನಡಿ ನೋಡಿದ ಕಥೆ ಮಾಡಿ ಎಂದು ಪೊನಿರಾ ಕೇಳಿದಳು. ಮಾಡಿದೆ. ಎದುರಿಗೆ ಇನ್ನೊಬ್ಬ ಹೆಬ್ಬಾತು. ರಾದೆನ್ ಉಬ್ಬಿದ, ಅವನೂ ಉಬ್ಬಿದ. ರಾದೆನ್ ಬುಸುಗುಟ್ಟಿದ, ಅವನೂ ಬುಸುಗುಟ್ಟಿದ. ಯಾರಿಗೂ ಹೆದರದ ಪ್ರಾಣಿ! ಕೊನೆಗೂ ತನ್ನ ಅಂತಸ್ತಿನವನೊಬ್ಬ ಸಿಕ್ಕ ಎಂದು ತಿಳಿದು ಕತ್ತು ತಗ್ಗಿಸಿ ವಂದಿಸಿದ. ಆಮೇಲೆ ಸುಲ್ತಾನರ ಸನ್ನಿಧಿಯಿಂದ ಹೊರಡುವವರ ಹಾಗೆ, ಬೆನ್ನು ತೋರಿಸದೆ, ಹಿಂದ್ಹಿಂದಕ್ಕೆ ಹೆಜ್ಜೆ ಇಡುತ್ತಾ ಹೊರಟು, ನೇರವಾಗಿ ಬಣ್ಣದ ಬಕೆಟ್ಟಿನಲ್ಲಿ ಕೂತ.

ನಾನು ಕೂತ ಕ್ಷಣದಲ್ಲಿ ಒಂದು ಸದ್ದು ಕೇಳಿಸಿತು. ಬಂಡೆಯನ್ನು ಜಲ್ಲಿಯ ಮೇಲೆ ಎಳೆದಂತೆ. ನೋಡಿದರೆ ತುಕಿಜಾನ್! ನಗುತ್ತಿದ್ದಾನೆ! ಭುಜ ಕುಲುಕುತ್ತಿದೆ, ಕಣ್ಣಲ್ಲಿ ನೀರು. ಉಳಿ ಜಾರಿತು. ಟಕ್ ಎಂದು ಕೊಕ್ಕಿನ ಒಂದು ಚೂರು ಹಾರಿ ಸಿಂಹದ ಕಾಲ ಬಳಿ ಬಿತ್ತು.

ತುಕಿಜಾನ್ ಸುತ್ತಿಗೆ ಕೆಳಗಿಟ್ಟ. ಮುಖ ಬಿಳುಚಿಹೋಗಿತ್ತು.

“ಕ್ಷಮಿಸಿ, ಪಾಕ್. ನನ್ನ ಕೈಯಲ್ಲಿ ಇಂಥದ್ದು ಆಗಿರಲಿಲ್ಲ. ಹೊಸ ಕಲ್ಲು ತಂದು ಮೊದಲಿಂದ ಮಾಡ್ಕೊಡ್ತೀನಿ.”

ನಾನು ಹತ್ತಿರ ಹೋದೆ. ಮುಚ್ಚಿದ್ದ ಕೊಕ್ಕು ಈಗ ಅರ್ಧ ತೆರೆದಿತ್ತು. ಒಳಗಿನ ಒರಟು ಕಲ್ಲು ನಾಲಗೆಯಂತೆ ಕಾಣುತ್ತಿತ್ತು. ಕಲ್ಲು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ ಏನೋ ಅನ್ನಲು ಹೊರಟಿತ್ತು.

“ಮುಟ್ಟಬೇಡಿ ಮಾಸ್,” ಎಂದೆ. “ಒಂದು ಚೂರೂ ಮುಟ್ಟಬೇಡಿ. ಇಷ್ಟು ದಿನ ಏನು ತಪ್ಪಾಗಿದೆ ಅಂತ ನನಗೇ ಗೊತ್ತಾಗಿರಲಿಲ್ಲ. ಇವನು ಹುಟ್ಟಿದಾಗಿಂದ ಯಾವತ್ತು ಬಾಯಿ ಮುಚ್ಕೊಂಡಿದ್ದ?”

ಪೊನಿರಾ ಬಗ್ಗಿ ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು. “ಅವನೇ,” ಎಂದಳು. “ಅಯ್ಯೋ ದೇವರೇ, ಅವನೇ!”

ತುಕಿಜಾನ್ ಮತ್ತೆ ನಕ್ಕ. ಈ ಸಲ ಉಳಿ ಕೈಯಲ್ಲಿರಲಿಲ್ಲ.

ಆಗಸ್ಟ್ ೩, ಶನಿವಾರ

ಸಮಿಯೆಮ್‌ಳನ್ನು ಕರೆದುಕೊಂಡು ಹೋಗಿ ತೋರಿಸಿದೆ. ಬಾಗಿಲಲ್ಲೇ ನಿಂತಿದ್ದ ಕಲ್ಲನ್ನು ದಾಟಿ ಒಳಗೆ ಹೋಗುತ್ತಾ, “ಸರಿ ಆ ಕಡೆ, ದಾರಿಗೆ ಅಡ್ಡ ನಿಲ್ಲಬೇಡ ಅಂತ ಎಷ್ಟು ಸಲ ಹೇಳೋದು,” ಎಂದಳು. ನಾಲ್ಕು ಹೆಜ್ಜೆ ಹೋದಮೇಲೆ ತಾನು ಯಾರಿಗೆ ಹೇಳಿದೆ ಎಂಬುದು ಹೊಳೆಯಿತು. ಹಿಂದೆ ಬಂದು ಅವನ ಬೆನ್ನ ಮೇಲೆ ಕೈಯಿಟ್ಟು ತುಂಬ ಹೊತ್ತು ನಿಂತಳು. ನಾನು ಬೇರೆ ಕಡೆ ನೋಡಿದೆ. ಇಬ್ಬರೂ ಒಟ್ಟಿಗೆ ಶುರು ಮಾಡಿದರೆ ಸಮಾಧಾನ ಮಾಡುವವರು ಯಾರು?

ಹಿಂದಿನ ಸಾಲಿನಲ್ಲಿ ತಲೆಗೆ ಸೆರಗು ಹೊದ್ದು ವಿನಾರ್ಸಿ ಕೂತಿದ್ದಳು. ಎಷ್ಟು ದಿನದಿಂದ ಬರುತ್ತಿದ್ದಾಳೋ!

“ಕಾಂಗ್, ನಮಗೆ ತಾಲೀಮಿಗೆ ಜಾಗ ಇಲ್ಲ. ಈ ಅಂಗಳದಲ್ಲಿ ಮಾಡ್ಕೊಳ್ಳಿ ಅಂತ ಮಾಸ್ ತುಕಿಜಾನ್ ಒಪ್ಪಿದಾರೆ. ನಿಮಗೇನೂ ತೊಂದರೆ ಇಲ್ಲ ತಾನೇ?”

“ನನಗೇನಮ್ಮ? ನಾನು ಬರೋದು ಕಲ್ಲಿಗೋಸ್ಕರ. ನಾಟಕಕ್ಕೂ ನನಗೂ ಸಂಬಂಧ ಇಲ್ಲ.”

“ನಾನು ಸಂಬಂಧ ಇದೆ ಅಂದ್ನಾ? ಕಲ್ಲನ್ನ ಒಂದು ದಿನದ ಮಟ್ಟಿಗೆ ಕೊಡಿ, ಸಾಕು. ಸಿಂಹಾಸನದ ಮೇಲೆ ಕೂರಿಸ್ತೀವಿ. ಜನಕ್ಕೂ ನೋಡಿದ ಹಾಗಾಗುತ್ತೆ.”

ಕಲ್ಲನ್ನು ಕೊಡಲು ಒಪ್ಪಿದೆ. ನಾನು ಬರುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ.

ಆಗಸ್ಟ್ ೧೧, ಭಾನುವಾರ

ಈ ವಾರ ಬರೆಯಲು ಪುರುಸೊತ್ತೇ ಇಲ್ಲ. ತಾಲೀಮಿನವರು ಎಲ್ಲ ತಪ್ಪು ಮಾಡುತ್ತಾರೆ. ರಾದೆನ್ ಸವಾರಿ ಬರುವಾಗ ಮೆರವಣಿಗೆಯ ಕೊಡೆಯನ್ನು ಮಳೆಗೆ ಹಿಡಿಯುವಂತೆ ಹಿಡಿಯುತ್ತಾನೆ ಒಬ್ಬ. ರಾಜನ ಪಾತ್ರದವನು ಕಲ್ಲನ್ನು ನೋಡಿ ಬೆರಗಾಗುವ ಬದಲು ಅದರ ತೂಕ ಎಷ್ಟು ಎಂದು ಕೇಳುತ್ತಾನೆ. ನೋಡಿ ನೋಡಿ ಸಾಕಾಗಿ, ಕೊಡೆಯನ್ನು ನಾನೇ ಹಿಡಿಯುತ್ತೇನೆ ಎಂದೆ. ಕೊಡೆ ಮಾತ್ರ. ಒಂದು ಮಾತೂ ಆಡುವುದಿಲ್ಲ.

“ಮಾತು ಯಾರು ಕೇಳಿದ್ರು, ಕಾಂಗ್?” ಎಂದಳು ವಿನಾರ್ಸಿ, ಉಗುರು ನೋಡಿಕೊಳ್ಳುತ್ತಾ.

ಆಗಸ್ಟ್ ೧೭, ಶನಿವಾರ

ನಾನು ರಂಗಕ್ಕೆ ಹೋದದ್ದು ಕೊಡೆ ಹಿಡಿಯಲು. ಇದನ್ನು ಮೊದಲೇ ಬರೆದಿಡುತ್ತೇನೆ.

ಬೆಳಗ್ಗೆ ಧ್ವಜ ಏರಿತು, ಗೋಣಿಚೀಲದ ಓಟ ನಡೆಯಿತು, ಜಾರುಕಂಬ ಹತ್ತಿ ಇಳಿದವರೆಲ್ಲ ಸ್ನಾನ ಮಾಡಿ ನಾಟಕಕ್ಕೆ ಬಂದರು. ಮೈದಾನದಲ್ಲಿ ಚಾಪೆ ಹಾಸಲು ಜಾಗವಿಲ್ಲ. ವಾದ್ಯ ಮೊಳಗಿತು. ತುಕಿಜಾನ್‌ನೂ ಅವನ ಆಳುಗಳೂ ರಾದೆನ್‌ನನ್ನು ಬಿದಿರಿನ ಪಲ್ಲಕ್ಕಿಯಲ್ಲಿ ಹೊತ್ತು ತಂದು ಸಿಂಹಾಸನಕ್ಕೆ ಇಳಿಸಿದರು. ನಾನು ಕೊಡೆ ಹಿಡಿದು ಪಕ್ಕದಲ್ಲಿ ನಿಂತೆ. ಜನ ಆಗಲೇ ಚಪ್ಪಾಳೆ ಹೊಡೆಯತೊಡಗಿದ್ದರು.

ರಾಜ ಬಂದ. “ನನ್ನ ಸಿಂಹಾಸನದ ಮೇಲೆ ಕೂತಿರೋ ಇವನ್ಯಾರು?” ಎಂದು ಗುಡುಗಿದ.

ಇದಕ್ಕೆ ಉತ್ತರ ಕೊಡಬೇಕಾದವಳು ರಾಣಿ. ತಾಲೀಮಿನಲ್ಲಿ ಪ್ರತಿ ಸಲ ಕೊಟ್ಟಿದ್ದಾಳೆ. ಇವತ್ತು ಬಾಯಿಗೆ ಬೀಗ. ರಾಜ ಇನ್ನೊಮ್ಮೆ ಕೇಳಿದ. ವಿನಾರ್ಸಿ ನನ್ನನ್ನೇ ನೋಡುತ್ತಾ ಸುಮ್ಮನೆ ನಿಂತಳು. ಯಾರಾದರೂ ಏನಾದರೂ ಹೇಳದಿದ್ದರೆ ನಾಟಕ ಅಲ್ಲಿಗೇ ಬಿದ್ದುಹೋಗುತ್ತಿತ್ತು.

“ಮಹಾಪ್ರಭು,” ಎಂದೆ, “ಇವರು ನಮ್ಮ ದೊರೆ. ಇವರು ತೀರಿಕೊಂಡಿದಾರೆ.” ಈ ಮಾತನ್ನು ಇದುವರೆಗೆ ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಮುಂದಿನ ಸಾಲಿನಲ್ಲಿ ಸಮಿಯೆಮ್ ಕೈಚೀಲವನ್ನು ಎದೆಗೆ ಒತ್ತಿಕೊಂಡಳು. “ತೀರಿಕೊಂಡು ಎರಡು ತಿಂಗಳ ಮೇಲಾಯ್ತು. ಆದ್ರೂ ರಾಜ್ಯಭಾರ ನಿಮಗಿಂತ ಚೆನ್ನಾಗೇ ನಡೀತಿದೆ.”

ಮೈದಾನ ಬಿದ್ದು ಬಿದ್ದು ನಕ್ಕಿತು. ನಗು ಅಲೆಯಂತೆ ಬಂದು ಎದೆಗೆ ಬಡಿಯಿತು. ಆಮೇಲೆ ಏನೇನು ಆಡಿದೆನೋ ಎಲ್ಲ ನೆನಪಿಲ್ಲ. ದೊರೆಯ ಆಜ್ಞೆಗಳನ್ನು ಕಿವಿಗೊಟ್ಟು ಕೇಳಿ ರಾಜನಿಗೆ ತಿಳಿಸಿದೆ. ವಾರ್ಡ್ ಮುಖ್ಯಸ್ಥರಿಗೆ ಸಭೆಯ ನಡುವಿನಿಂದಲೇ ಮಂತ್ರಿ ಪದವಿ ಕೊಡಿಸಿದೆ. ಕೊಡೆ ಎಲ್ಲಿ ಹೋಯಿತೋ. ಕೊನೆಗೆ ರಾಜನ ಕುಂಡೆ ಹಿಡಿಯುವ ಹೊತ್ತು ಬಂತು. ಕಲ್ಲು ಹಿಡಿಯುತ್ತದೆಯೇ? ಯಾರಾದರೂ ಹಿಡಿಯಲೇಬೇಕಲ್ಲ, ಅದಕ್ಕೆಂದೇ ಜನ ಬಂದಿರುತ್ತಾರೆ. ಹಿಡಿದೆ. ರಾಜನ ಪಾತ್ರದವನಿಗೂ ಇದು ಗೊತ್ತಿರಲಿಲ್ಲ. ಅವನು ಕಿರುಚಿದ್ದು ನಟನೆಯಲ್ಲ.

ಪಲ್ಲಕ್ಕಿಯ ಹಿಂದೆ ನಿಂತಿದ್ದ ತುಕಿಜಾನ್ ನಕ್ಕೂ ನಕ್ಕೂ ಪರದೆ ಹಿಡಿದುಕೊಂಡ, ಪರದೆ ಕಿತ್ತು ಬಿತ್ತು, ನಾಟಕ ಮುಗಿಯಿತು.

ವಿನಾರ್ಸಿ ಬಂದು ನನ್ನ ಕೈ ಹಿಡಿದು ಹಣೆಗೆ ಒತ್ತಿಕೊಂಡಳು. ಕಮಿಟಿಯವರು ಮುಂದಿನ ವರ್ಷಕ್ಕೂ ನಮ್ಮನ್ನೇ ಕರೆದರಂತೆ. ಪಕ್ಕದ ಎರಡು ಊರಿನವರು ರಂಗದ ಹಿಂದೆಯೇ ತಮ್ಮೂರಿನ ನಾಟಕಕ್ಕೆ ದಿನಾಂಕ ಕೇಳುತ್ತಿದ್ದರು. “ನಾನು ಸುಮ್ಮನಿದ್ದಿದ್ದು ಮರೆತು,” ಎಂದಳು. ಇಪ್ಪತ್ತು ವರ್ಷದಲ್ಲಿ ಒಂದು ಸಾಲು ಮರೆತವಳಲ್ಲ. ಇವಳಿಗೂ ವಯಸ್ಸಾಗುತ್ತಿದೆ.

ಆಗಸ್ಟ್ ೧೮, ಭಾನುವಾರ

ರಾದೆನ್‌ನನ್ನು ಸೀಬೆ ಮರದ ಕೆಳಗೆ ಇಳಿಸಲು ಬೆಳಗ್ಗೆಯೇ ಗುಂಡಿ ತೋಡಿ ಸಿದ್ಧ ಮಾಡಿದ್ದೆ. ತುಕಿಜಾನ್ ಗಾಡಿ ನಮ್ಮ ಓಣಿಯ ಬಾಯಿಗೆ ಬಂದು ನಿಂತಿತು. ಅಲ್ಲೇ ಪೊನಿರಾ, ಅಂಚೆಯವನು, ಇನ್ನೂ ಅರ್ಧ ಓಣಿ.

“ಹಿತ್ತಿಲಲ್ಲಿ ಇಟ್ರೆ ನಾವು ನೋಡೋದು ಯಾವಾಗ?” ಎಂದಳು ಪೊನಿರಾ. “ಅಷ್ಟು ಸಲ ಕಚ್ಚಿಸಿಕೊಂಡಿದೀವಿ, ನಮಗೂ ಹಕ್ಕಿದೆ.”

ನಾನು ಸಮಿಯೆಮ್ ಮುಖ ನೋಡಿದೆ. “ಅವನು ಯಾವತ್ತು ಹಿತ್ತಿಲಲ್ಲಿ ಇದ್ದ, ಪಾಕ್ನೆ?” ಎಂದಳು. “ದಿನಾ ಇಲ್ಲೇ ಬಂದು ನಿಂತಿರ್ತಿದ್ದ. ಇಲ್ಲೇ ಇಳಿಸಿ.”

ಓಣಿಯ ಬಾಯಲ್ಲಿ, ರಸ್ತೆಗೆ ಮುಖ ಮಾಡಿ ಇಳಿಸಿದೆವು. ತುಕಿಜಾನ್ ಮಟ್ಟ ನೋಡಿ, ಕಾಲ ಕೆಳಗೆ ಸಿಮೆಂಟು ತುಂಬಿ, ಒದ್ದೆ ಬಟ್ಟೆಯಿಂದ ಕೊಕ್ಕು ಒರೆಸಿದ.

ಅಷ್ಟರಲ್ಲಿ ಗ್ಯಾಸ್ ಸಿಲಿಂಡರ್ ತರುವ ಜುವಾದಿ ಮೋಟಾರ್‌ಸೈಕಲ್ಲಿನಲ್ಲಿ ತಿರುವಿಗೆ ಬಂದ. ಹೆಂಡತಿಯ ಊರಿನಲ್ಲಿ ಬಹಳ ದಿನ ಇದ್ದು ಬಂದವನು. ಇಲ್ಲಿ ನಡೆದದ್ದು ಯಾವುದೂ ಗೊತ್ತಿಲ್ಲ. ತಲೆಯೆತ್ತಿ ರಾದೆನ್‌ನನ್ನು ನೋಡಿದ್ದೇ ತಡ, ಎರಡೂ ಕಾಲನ್ನು ಹ್ಯಾಂಡಲ್ ಮೇಲಕ್ಕೆ ಎತ್ತಿ, “ಅಯ್ಯಯ್ಯೋ, ಹಿಡ್ಕೊಳ್ರೋ ಇವನ್ನ!” ಎಂದು ಕೂಗುತ್ತಾ, ಸಿಲಿಂಡರುಗಳು ಢಣಢಣ ಎನ್ನುವಂತೆ ಓಣಿಯೊಳಗೆ ನುಗ್ಗಿದ.

ಓಣಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ಅವನನ್ನು ಸುಮ್ಮನೆ ಹೋಗಲು ಬಿಡುವುದು ಹೇಗೆ? ನಮ್ಮ ಓಣಿಗೊಂದು ಮರ್ಯಾದೆ ಇದೆ. ಸಾರೊಂಗ್ ಮೇಲಕ್ಕೆ ಕಟ್ಟಿ, ಎರಡೂ ಕೈ ರೆಕ್ಕೆಯಂತೆ ಹರಡಿ, ಕತ್ತು ಮುಂದಕ್ಕೆ ಚಾಚಿ, ಬುಸುಗುಡುತ್ತಾ ಅವನ ಹಿಂದೆ ಓಡಿದೆ. ಮಸೀದಿಯವರೆಗೂ ಅಟ್ಟಿಸಿಕೊಂಡು ಹೋಗಿಯೇ ಬಂದೆ.